ಚಿಪ್ಪೊಡೆಯುವ ಭ್ರೂಣ: ‘ನೆರವಿ’ಗೆ ಪುರಾವೆ ಎಲ್ಲಿ?

ಪ್ರತಿಯೊಬ್ಬ ಮನುಷ್ಯನಿಗೂ ಜನ್ಮದಿನಕ್ಕೆ ಮೊದಲು ಇನ್ನೊಂದು ಜನ್ಮದಿನವಿದೆ. ಯಾವ ಜಾತಕವೂ ಅದನ್ನು ಗುರುತಿಸುವುದಿಲ್ಲ, ಯಾವ ಆಸ್ಪತ್ರೆಯ ದಾಖಲೆಯಲ್ಲಿಯೂ ಅದು ಸಿಗುವುದಿಲ್ಲ. ಅಂಡಾಣುವೂ ವೀರ್ಯಾಣುವೂ ಕೂಡಿದ ಆರನೆಯ ದಿನದ ಆಸುಪಾಸಿನಲ್ಲಿ, ತಾಯಿಗೇ ತಾನು ಗರ್ಭಿಣಿಯೆಂಬ ಅರಿವು ಮೂಡುವುದಕ್ಕೂ ಬಹಳ ಮುನ್ನ, ಸಣ್ಣ ಮರಳಿನ ಕಣದಷ್ಟಿರುವ ಭ್ರೂಣವು ತನ್ನನ್ನು ಸುತ್ತುವರಿದಿದ್ದ ಕವಚವನ್ನು ಭೇದಿಸಿಕೊಂಡು ಹೊರಬರುತ್ತದೆ. ಕೋಳಿಮರಿ ತತ್ತಿಯೊಡೆದು ಬರುವಂತೆ ನಾವೂ ಒಮ್ಮೆ ಚಿಪ್ಪೊಡೆದು ಬಂದವರೇ. ವಿಜ್ಞಾನಿಗಳು ಈ ಘಟನೆಗೆ ಕೊಟ್ಟಿರುವ ಹೆಸರೂ ಅದೇ: ಹ್ಯಾಚಿಂಗ್.

ಜೀವಶಾಸ್ತ್ರದ ಪಠ್ಯಪುಸ್ತಕದಲ್ಲಿ ಒಂದು ಪ್ಯಾರಾದಲ್ಲಿ ಮುಗಿದುಹೋಗುವ ಈ ವಿದ್ಯಮಾನ ದಿನಪತ್ರಿಕೆಯ ಓದುಗರ ಗಮನಕ್ಕೆ ಬರಬೇಕಾದ ಕಾರಣವೊಂದಿದೆ. ಪ್ರನಾಳ ಶಿಶು ಚಿಕಿತ್ಸೆಗೆ ಮೊರೆಹೋಗುವ ದಂಪತಿಗಳ ಮುಂದೆ ಇಂದು ‘ಅಸಿಸ್ಟೆಡ್ ಹ್ಯಾಚಿಂಗ್’ ಎಂಬ ಹೆಚ್ಚುವರಿ ಸೇವೆಯೊಂದನ್ನು ಇರಿಸಲಾಗುತ್ತದೆ. ಭ್ರೂಣದ ಕವಚಕ್ಕೆ ಲೇಸರ್ ಕಿರಣದಿಂದ ರಂಧ್ರ ಕೊರೆದು, ಅದು ಸುಲಭವಾಗಿ ಹೊರಬರುವಂತೆ ಮಾಡುವ ‘ನೆರವು’ ಇದು. ಕೇಳಲು ಹಿತವಾಗಿದೆ, ತರ್ಕಬದ್ಧವಾಗಿಯೂ ತೋರುತ್ತದೆ. ಆದರೆ ಈ ನೆರವಿನಿಂದ ಹೆಚ್ಚು ಮಕ್ಕಳು ಹುಟ್ಟುತ್ತಾರೆಯೇ ಎಂಬ ಸರಳ ಪ್ರಶ್ನೆಗೆ ಮೂರು ದಶಕಗಳು ಕಳೆದರೂ ದೃಢವಾದ ‘ಹೌದು’ ಎಂಬ ಉತ್ತರ ದೊರೆತಿಲ್ಲ. ಉತ್ತರ ಸಿಗದ ಪ್ರಶ್ನೆಗೆ ದರ ನಿಗದಿಯಾಗಿರುವುದೇ ಈ ಲೇಖನದ ಕಾಳಜಿ.

ಮೊದಲು ಕವಚದ ಸಂಗತಿಯನ್ನು ನೋಡೋಣ. ಸಸ್ತನಿಗಳ ಅಂಡಾಣುವಿನ ಸುತ್ತ ಪಾರದರ್ಶಕವಾದ, ಲೋಳೆಯಂತೆ ಕಂಡರೂ ಗಟ್ಟಿಯಾದ ಪದರವೊಂದಿರುತ್ತದೆ. ಅದರ ಶಾಸ್ತ್ರೀಯ ಹೆಸರು ಝೋನಾ ಪೆಲ್ಯುಸಿಡಾ. ಸಕ್ಕರೆಯ ಸರಪಳಿಗಳು ಅಂಟಿಕೊಂಡ ಕೆಲವೇ ಬಗೆಯ ಪ್ರೋಟೀನುಗಳು ನೂಲಿನಂತೆ ಹೆಣೆದುಕೊಂಡು ಇದನ್ನು ರಚಿಸುತ್ತವೆ. ಇಲಿಯಲ್ಲಿ ಮೂರು, ಮನುಷ್ಯರಲ್ಲಿ ನಾಲ್ಕು. ಮಾನವ ಅಂಡಾಣುವಿನ ವ್ಯಾಸ ಸುಮಾರು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗವಾದರೆ, ಕವಚದ ದಪ್ಪ ಸ್ಥೂಲವಾಗಿ 15ರಿಂದ 20 ಮೈಕ್ರೋಮೀಟರ್. ಇದೇ ಕುಲದ ಪ್ರೋಟೀನುಗಳು ಮೀನಿನ ಮೊಟ್ಟೆಯ ಹೊದಿಕೆಯಲ್ಲಿಯೂ ಕೋಳಿಮೊಟ್ಟೆಯ ಹಳದಿಯನ್ನು ಸುತ್ತಿರುವ ತೆಳುಪೊರೆಯಲ್ಲಿಯೂ ಇವೆ. ಮೊಟ್ಟೆಯಿಡುವುದನ್ನು ನಮ್ಮ ಪೂರ್ವಜರು ಎಂದೋ ಬಿಟ್ಟರು. ಮೊಟ್ಟೆಯ ಹೊದಿಕೆಯನ್ನು ಮಾತ್ರ ಬಿಡಲಿಲ್ಲ.

ಬಿಡದಿರುವುದಕ್ಕೆ ಕಾರಣಗಳಿವೆ. ಈ ಕವಚ ಏಕಕಾಲಕ್ಕೆ ಬಾಗಿಲೂ ಹೌದು, ಬೀಗವೂ ಹೌದು. ವೀರ್ಯಾಣು ಮೊದಲು ತಗಲುವುದು ಇದಕ್ಕೇ. ಒಂದು ವೀರ್ಯಾಣು ಒಳಸೇರಿದ ಕೂಡಲೇ ಅಂಡಾಣು ತನ್ನ ಅಂಚಿನಲ್ಲಿ ಸಂಗ್ರಹಿಸಿಟ್ಟಿದ್ದ ಕಿಣ್ವಗಳನ್ನು ಹೊರಚೆಲ್ಲುತ್ತದೆ. ಅವು ಕವಚದ ಪ್ರೋಟೀನನ್ನು ಕತ್ತರಿಸಿ ಬದಲಿಸಿಬಿಡುತ್ತವೆ. ಕವಚ ಬಿಗಿಯಾಗುತ್ತದೆ, ಎರಡನೆಯವನಿಗೆ ಪ್ರವೇಶವಿಲ್ಲ. ಎರಡು ವೀರ್ಯಾಣುಗಳು ಹೊಕ್ಕರೆ ವರ್ಣತಂತುಗಳ ಲೆಕ್ಕ ತಪ್ಪಿ ಭ್ರೂಣ ಉಳಿಯಲಾರದು. ಬಳಿಕ ಭ್ರೂಣ ಎರಡು, ನಾಲ್ಕು, ಎಂಟು ಜೀವಕೋಶಗಳಾಗಿ ಒಡೆಯುತ್ತಾ ಅಂಡನಾಳದಲ್ಲಿ ಸಾಗುವಾಗ, ಇನ್ನೂ ಪರಸ್ಪರ ಬಿಗಿಯಾಗಿ ಅಂಟಿಕೊಳ್ಳದ ಆ ಕೋಶಗಳು ಚದುರಿಹೋಗದಂತೆ ಹಿಡಿದಿಡುವುದೂ ಈ ಕವಚವೇ. ಗರ್ಭಾಶಯವನ್ನು ತಲುಪುವ ಮುನ್ನ ಭ್ರೂಣ ನಾಳದ ಗೋಡೆಗೆ ಅಂಟಿಕೊಳ್ಳದಂತೆ ತಡೆಯುವ ಕೆಲಸದಲ್ಲಿಯೂ ಅದಕ್ಕೆ ಪಾಲಿದೆ. ಅಂಡನಾಳದಲ್ಲಿಯೇ ಗರ್ಭ ಕಟ್ಟಿದರೆ ತಾಯಿಯ ಪ್ರಾಣಕ್ಕೇ ಸಂಚಕಾರ ಒದಗುತ್ತದೆ ಎಂಬುದನ್ನು ನೆನೆದರೆ ಈ ಕಾವಲಿನ ಬೆಲೆ ತಿಳಿಯುತ್ತದೆ.

ಐದನೆಯ ದಿನದ ಹೊತ್ತಿಗೆ ಭ್ರೂಣ ಸುಮಾರು ನೂರು ಕೋಶಗಳ, ಒಳಗೆ ದ್ರವ ತುಂಬಿದ ಟೊಳ್ಳು ಗೋಳವಾಗಿರುತ್ತದೆ. ಇದನ್ನು ಬ್ಲಾಸ್ಟೊಸಿಸ್ಟ್ ಎನ್ನುತ್ತಾರೆ. ಹೊರಪದರದ ಕೋಶಗಳಿಂದ ಮುಂದೆ ಮಾಸು ರೂಪುಗೊಳ್ಳುತ್ತದೆ, ಒಳಗಿನ ಸಣ್ಣ ಗುಂಪಿನಿಂದ ಶಿಶು. ಅದುವರೆಗೆ ಕಾಪಾಡಿದ ಕವಚ ಈಗ ಅಡ್ಡಿಯಾಗುತ್ತದೆ. ಹೊರಪದರದ ಕೋಶಗಳು ಗರ್ಭಾಶಯದ ಒಳಗೋಡೆಯನ್ನು ನೇರವಾಗಿ ಮುಟ್ಟಿದರೆ ಮಾತ್ರ ಗರ್ಭ ನಿಲ್ಲಲು ಸಾಧ್ಯ. ಗರ್ಭಾಶಯವೂ ಭ್ರೂಣವನ್ನು ಸ್ವೀಕರಿಸಲು ಸಿದ್ಧವಾಗಿರುವುದು ಕೆಲವೇ ದಿನಗಳ ಮಟ್ಟಿಗೆ. ಬೇಗ ಹೊರಬಂದರೆ ಜಾಗ ತಪ್ಪುತ್ತದೆ, ತಡವಾದರೆ ಬಾಗಿಲು ಮುಚ್ಚಿರುತ್ತದೆ.

ಹೊರಬರುವ ಬಗೆ ಹೇಗೆ? ಇಲ್ಲಿಂದ ಮುಂದಿನ ಕಥೆ ನಾವು ಊಹಿಸುವಷ್ಟು ಸರಳವಾಗಿಲ್ಲ. ಹೊರಪದರದ ಕೋಶಗಳು ಸೋಡಿಯಂ ಅಯಾನುಗಳನ್ನು ಒಳಗಿನ ಟೊಳ್ಳಿಗೆ ಎಡೆಬಿಡದೆ ಪಂಪು ಮಾಡುತ್ತವೆ. ಉಪ್ಪು ಹೋದಲ್ಲಿಗೆ ನೀರು ಹಿಂಬಾಲಿಸುತ್ತದೆ. ಗೋಳ ಉಬ್ಬುತ್ತದೆ, ಕವಚ ಹಿಗ್ಗಿ ತೆಳ್ಳಗಾಗುತ್ತದೆ. ನಡುನಡುವೆ ಭ್ರೂಣ ತಟ್ಟನೆ ಕುಗ್ಗಿ ಮತ್ತೆ ಉಬ್ಬುವುದನ್ನು ಸೂಕ್ಷ್ಮದರ್ಶಕದಡಿ ಕಾಣಬಹುದು. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆದ ಇಲಿಯ ಭ್ರೂಣ ಕೊನೆಗೆ ಕವಚದಲ್ಲಿ ಸೀಳೊಂದನ್ನು ಮಾಡಿಕೊಂಡು, ಅದರ ಮೂಲಕ ನುಸುಳಿ ಹೊರಬರುತ್ತದೆ. ಖಾಲಿ ಕವಚ ಹಿಂದೆ ಉಳಿಯುತ್ತದೆ.

ಬರೀ ಒತ್ತಡದ ಕೆಲಸವೇ ಇದು ಎಂದು ಬಹುಕಾಲ ಭಾವಿಸಲಾಗಿತ್ತು. ಆದರೆ ಭ್ರೂಣವೇ ಪ್ರೋಟೀನನ್ನು ಕರಗಿಸುವ ಕಿಣ್ವಗಳನ್ನು ಸ್ರವಿಸುತ್ತದೆ ಎಂಬುದು 1980ರ ದಶಕದಿಂದೀಚೆಗೆ ಸ್ಪಷ್ಟವಾಗುತ್ತಾ ಬಂತು. 1986ರಲ್ಲಿ ಪೆರೋನಾ ಮತ್ತು ವಾಸರ್‌ಮನ್ ಇಲಿಯ ಭ್ರೂಣದಲ್ಲಿ ಅಂಥದೊಂದು ಕಿಣ್ವವನ್ನು ವರದಿ ಮಾಡಿದರು. ಅನಂತರ ಇಲಿಯಲ್ಲಿಯೇ ಬೇರೆ ಎರಡು ಕಿಣ್ವಗಳು ಪತ್ತೆಯಾದವು. ಅವುಗಳ ಉತ್ಪಾದನೆಯಲ್ಲಿ ಗರ್ಭಾಶಯವೂ ಪಾಲುಗೊಳ್ಳುತ್ತದೆಂದು ತಿಳಿದುಬಂತು. ಅಂದರೆ ತಾಯಿಯ ಒಡಲಿನಲ್ಲಿ ಭ್ರೂಣ ಒಂಟಿಯಾಗಿ ಗುದ್ದಾಡುವುದಿಲ್ಲ. ಒಳಗಿನಿಂದ ಭ್ರೂಣ, ಹೊರಗಿನಿಂದ ಗರ್ಭಾಶಯ, ಎರಡೂ ಸೇರಿ ಕವಚವನ್ನು ಕರಗಿಸುತ್ತವೆ.

ಈ ಸಂಶೋಧನೆಯ ಮಹತ್ವದ ಅಧ್ಯಾಯವೊಂದು ನಡೆದದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ.ಬಿ. ಶೇಷಗಿರಿ ಅವರ ಪ್ರಯೋಗಾಲಯ ಹೊಂಬಣ್ಣದ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪುಟ್ಟ ಪ್ರಾಣಿಯ ಭ್ರೂಣಗಳನ್ನು ದೀರ್ಘಕಾಲ ಅಧ್ಯಯನ ಮಾಡಿತು. ಇವು ಸುಲಭಕ್ಕೆ ಒಲಿಯುವ ಭ್ರೂಣಗಳಲ್ಲ. ದೇಹದ ಹೊರಗೆ ಎರಡು ಕೋಶಗಳ ಹಂತದಲ್ಲಿಯೇ ಅವು ನಿಂತುಬಿಡುತ್ತಿದ್ದವು. ಪೋಷಕ ದ್ರವದಲ್ಲಿದ್ದ ಗ್ಲೂಕೋಸ್ ಮತ್ತು ಫಾಸ್ಫೇಟ್‌ಗಳೇ ಅದಕ್ಕೆ ಕಾರಣವೆಂದು 1988ರಲ್ಲಿ ಶಿನಿ ಮತ್ತು ಬ್ಯಾವಿಸ್ಟರ್ ತೋರಿಸಿಕೊಟ್ಟ ಮೇಲಷ್ಟೇ ದಾರಿ ತೆರೆಯಿತು. ಭ್ರೂಣಕ್ಕೆ ಒಳ್ಳೆಯದೆಂದು ನಾವು ನೀಡಿದ ಆಹಾರವೇ ಅದಕ್ಕೆ ಅಡ್ಡಿಯಾಗಿತ್ತು ಎಂಬ ಆ ಪಾಠ ಇಂದಿಗೂ ಸ್ಮರಣಾರ್ಹ.

ಹ್ಯಾಮ್‌ಸ್ಟರ್ ಭ್ರೂಣ ಇಲಿಯ ಹಾದಿ ಹಿಡಿಯುವುದಿಲ್ಲವೆಂಬುದು ಬೆಂಗಳೂರಿನ ಅಧ್ಯಯನಗಳಲ್ಲಿ ಕಂಡುಬಂತು. ಕವಚ ಕರಗುವ ಮುನ್ನ ಅದು ಉಬ್ಬಿ ನಿಲ್ಲುವ ಬದಲು ಕುಗ್ಗುತ್ತದೆ. ಕವಚ ಮೊದಲು ಒಂದು ಕಡೆ ಕರಗಿ, ಬಳಿಕ ಪೂರ್ತಿಯಾಗಿ ಇಲ್ಲವಾಗುತ್ತದೆ. ಖಾಲಿ ಚಿಪ್ಪು ಉಳಿಯುವುದೇ ಇಲ್ಲ. ಹೊರಪದರದ ಕೋಶಗಳು ಬೆರಳಿನಂಥ ಚಾಚುಗಳನ್ನು ಹೊರಡಿಸುತ್ತವೆ. ಕೆಲಸ ಮಾಡುವ ಕಿಣ್ವಗಳೂ ಬೇರೆ: ಕ್ಯಾಥೆಪ್ಸಿನ್ ಎಂಬ ಕುಟುಂಬದವು ಎಂದು ಆ ತಂಡ 2008ರಲ್ಲಿ ಪ್ರಕಟಿಸಿತು. ಹತ್ತಿರದ ಸಂಬಂಧಿಗಳಂತೆ ಕಾಣುವ ಎರಡು ಪ್ರಾಣಿಗಳು ಒಂದೇ ಬಾಗಿಲನ್ನು ಬೇರೆ ಬೇರೆ ಕೀಲಿಗಳಿಂದ ತೆರೆಯುತ್ತವೆ.

ಹಾಗಾದರೆ ಮನುಷ್ಯರಲ್ಲಿ? ಈ ಘಟನೆ ನಮ್ಮ ಕಣ್ಣಿಗೆ ಬೀಳುವುದು ಪ್ರಯೋಗಾಲಯದ ತಟ್ಟೆಯಲ್ಲಿ ಮಾತ್ರ. ಸಣ್ಣ ಕಿಂಡಿಯಲ್ಲಿ ನುಸುಳುವಾಗ ಅರ್ಧ ಒಳಗೆ, ಅರ್ಧ ಹೊರಗೆ ಎಂಬಂತೆ ಇಂಗ್ಲಿಷಿನ ಎಂಟರ ಅಂಕಿಯ ಆಕಾರ ತಳೆಯುವ ಭ್ರೂಣಗಳ ಚಿತ್ರಗಳನ್ನು ನಾವು ನೋಡುತ್ತೇವೆ. ಆದರೆ ತಟ್ಟೆಯಲ್ಲಿ ಗರ್ಭಾಶಯವಿಲ್ಲ, ಅದರ ಸ್ರಾವಗಳಿಲ್ಲ, ತಾಯಿಯ ಹಾರ್ಮೋನುಗಳ ಏರಿಳಿತವಿಲ್ಲ. ಜೊತೆಗಾರನಿಲ್ಲದೆ ನಡೆದ ನೃತ್ಯವನ್ನು ನೋಡಿ ನೃತ್ಯದ ನಿಯಮಗಳನ್ನು ಬರೆಯುವಂತಿದೆ ಈ ಸ್ಥಿತಿ. ಇಷ್ಟು ಅಪೂರ್ಣವಾದ ತಿಳಿವಳಿಕೆಯ ಮೇಲೆಯೇ ಚಿಕಿತ್ಸೆಯೊಂದು ಕಟ್ಟಲ್ಪಟ್ಟಿತು.

ಅದರ ಹುಟ್ಟು ಪ್ರಾಮಾಣಿಕವಾದದ್ದೇ. 1990ರಲ್ಲಿ ಜಾಕ್ ಕೋಹೆನ್ ಮತ್ತು ಸಂಗಡಿಗರು ಒಂದು ಅವಲೋಕನವನ್ನು ಪ್ರಕಟಿಸಿದರು. ಬೇರೆ ಕಾರಣಕ್ಕಾಗಿ ಕವಚದಲ್ಲಿ ರಂಧ್ರ ಮಾಡಲಾಗಿದ್ದ ಭ್ರೂಣಗಳು ಗರ್ಭಾಶಯದಲ್ಲಿ ಹೆಚ್ಚಾಗಿ ನೆಲೆಯೂರಿದಂತೆ ಅವರಿಗೆ ಕಂಡಿತ್ತು. ಪ್ರಯೋಗಾಲಯದಲ್ಲಿ ಬೆಳೆಯುವಾಗ ಕವಚ ಗಡುಸಾಗಬಹುದು, ಭ್ರೂಣ ಅದರಲ್ಲಿಯೇ ಸಿಕ್ಕಿಕೊಂಡು ಸಾಯಬಹುದು, ಹಾಗಿದ್ದರೆ ನಾವೇ ಒಂದು ಕಿಂಡಿ ಮಾಡಿಕೊಟ್ಟರೆ ಹೇಗೆ ಎಂಬುದು ಅವರ ವಾದ. ಆರಂಭದಲ್ಲಿ ಆಮ್ಲದ ಹನಿಯಿಂದ ಕವಚವನ್ನು ಕರಗಿಸಲಾಗುತ್ತಿತ್ತು. ಬಳಿಕ ಲೇಸರ್ ಬಂತು. ಕೆಲಸ ಕ್ಷಣಾರ್ಧದಲ್ಲಿ ಮುಗಿಯತೊಡಗಿತು. ಸುಲಭವಾದದ್ದು ಬೇಗ ಹರಡುತ್ತದೆ. ವೈದ್ಯಕೀಯದಲ್ಲಿಯೂ ಈ ನಿಯಮಕ್ಕೆ ಅಪವಾದವಿಲ್ಲ. ಪ್ರಶ್ನೆಯಾಗಿ ಹುಟ್ಟಿದ ಕಲ್ಪನೆ ಉತ್ತರವಾಗುವ ಮೊದಲೇ ದರಪಟ್ಟಿಯನ್ನು ಸೇರಿತು.

ಪುರಾವೆ ಏನು ಹೇಳುತ್ತದೆ? ಜಗತ್ತಿನಾದ್ಯಂತ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕೊಕ್ರೇನ್ ಪರಾಮರ್ಶೆ ಈ ವಿಷಯವನ್ನು ಹಲವು ಬಾರಿ ಕೈಗೆತ್ತಿಕೊಂಡಿದೆ. 2012ರ ಆವೃತ್ತಿಯಲ್ಲಿ 31 ಪ್ರಯೋಗಗಳೂ 5,728 ಮಹಿಳೆಯರೂ ಇದ್ದರು. 2021ರ ಆವೃತ್ತಿಯಲ್ಲಿ ಅದು 39 ಪ್ರಯೋಗಗಳು, 7,249 ಮಹಿಳೆಯರು ಎಂಬಷ್ಟಕ್ಕೆ ಬೆಳೆಯಿತು. ಗಮನಿಸಬೇಕಾದ ಅಂಶವೆಂದರೆ, ಈ 39ರಲ್ಲಿ ಜೀವಂತ ಶಿಶುಗಳ ಜನನವನ್ನು ವರದಿ ಮಾಡಿದ ಪ್ರಯೋಗಗಳು ಕೇವಲ 14. ಉಳಿದವು ಗರ್ಭ ನಿಂತಿತೇ ಎಂಬಲ್ಲಿಗೆ ಲೆಕ್ಕ ಮುಗಿಸಿದ್ದವು. ಚಿಕಿತ್ಸೆಗೆ ಬರುವ ದಂಪತಿ ಬಯಸುವುದು ಮಗುವನ್ನು. ಪ್ರಯೋಗಗಳು ಎಣಿಸಿದ್ದು ಹೆಚ್ಚಾಗಿ ಗರ್ಭಧಾರಣೆಯನ್ನು. ಈ ಎರಡರ ನಡುವೆ ಗರ್ಭಪಾತಗಳ ನೋವು ತುಂಬಿಕೊಂಡಿರುತ್ತದೆ ಎಂಬುದನ್ನು ಯಾವ ತಾಯಿಗೂ ವಿವರಿಸಬೇಕಾಗಿಲ್ಲ.

ಆ 14 ಪ್ರಯೋಗಗಳ ಸಾರವನ್ನು ಹೀಗೆ ಹೇಳಬಹುದು. ಈ ನೆರವಿಲ್ಲದೆ ನೂರು ಮಹಿಳೆಯರಲ್ಲಿ 28 ಮಂದಿಗೆ ಮಗು ಹುಟ್ಟುತ್ತದೆಂದು ಇಟ್ಟುಕೊಂಡರೆ, ನೆರವು ಪಡೆದವರಲ್ಲಿ ಆ ಸಂಖ್ಯೆ 27ರಿಂದ 34ರ ನಡುವೆ ಎಲ್ಲಿಯಾದರೂ ಇರಬಹುದು. ತುಸು ಲಾಭವಿರಬಹುದು, ಏನೂ ಇಲ್ಲದಿರಬಹುದು, ತುಸು ನಷ್ಟವೂ ಆಗಿರಬಹುದು. ಅನಿಶ್ಚಿತತೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ಬೇಕಿಲ್ಲ.

ಒಂದು ಸಂಗತಿಯಲ್ಲಿ ಮಾತ್ರ ಅಂಕಿಗಳು ಒಂದೇ ದಿಕ್ಕಿಗೆ ಬೊಟ್ಟುಮಾಡುತ್ತವೆ: ಅವಳಿ, ತ್ರಿವಳಿ ಗರ್ಭಗಳು. ನೆರವಿಲ್ಲದವರಲ್ಲಿ ಬಹುಗರ್ಭದ ಸಾಧ್ಯತೆ ನೂರಕ್ಕೆ 9 ಎಂದಾದರೆ, ನೆರವು ಪಡೆದವರಲ್ಲಿ ಅದು 10ರಿಂದ 14 ಎಂದು ಅದೇ ಪರಾಮರ್ಶೆ ಅಂದಾಜಿಸಿತು. ಒಂದಕ್ಕಿಂತ ಹೆಚ್ಚು ಭ್ರೂಣಗಳನ್ನು ಗರ್ಭಾಶಯಕ್ಕೆ ಬಿಡುವ ರೂಢಿ ಇದಕ್ಕೆ ಒಂದು ಕಾರಣವಿರಬಹುದು. ಕಿರಿದಾದ ಕಿಂಡಿಯಲ್ಲಿ ನುಸುಳುವಾಗ ಭ್ರೂಣವೇ ಇಬ್ಭಾಗವಾಗಿ ಏಕರೂಪಿ ಅವಳಿಗಳಾಗುವ ಸಂಭವದ ಬಗೆಗೂ ಶಂಕೆಯಿದೆ. ಅವಳಿಗಳು ನೆರೆಮನೆಯವರ ಕಣ್ಣಿಗೆ ಡಬಲ್ ಭಾಗ್ಯವಾಗಿ ಕಾಣಬಹುದು. ವೈದ್ಯರ ಕಣ್ಣಿಗೆ ಅದು ಅವಧಿಪೂರ್ವ ಹೆರಿಗೆ, ಕಡಿಮೆ ತೂಕದ ಶಿಶುಗಳು, ತಾಯಿಗೆ ರಕ್ತದೊತ್ತಡ, ವಾರಗಟ್ಟಲೆ ನವಜಾತ ಶಿಶುಗಳ ತೀವ್ರ ನಿಗಾ ಘಟಕ.

ಇದು ಇತ್ತೀಚಿನ ಅರಿವೂ ಅಲ್ಲ. ಬ್ರಿಟನ್ನಿನ ಆರೋಗ್ಯ ಸೇವೆಗೆ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆ 2004ರಲ್ಲಿಯೇ, ಗರ್ಭಧಾರಣೆಯ ಪ್ರಮಾಣವನ್ನು ಹೆಚ್ಚಿಸುತ್ತದೆಂದು ಸಾಬೀತಾಗದ ಕಾರಣ ಈ ವಿಧಾನವನ್ನು ಶಿಫಾರಸು ಮಾಡಲಾಗದು ಎಂದಿತು. ಅಮೆರಿಕದ ಸಂತಾನೋತ್ಪತ್ತಿ ವೈದ್ಯಕೀಯ ಸಂಘವೂ 2014ರ ತನ್ನ ಮಾರ್ಗಸೂಚಿಯಲ್ಲಿ, ಎಲ್ಲ ರೋಗಿಗಳಿಗೂ ವಾಡಿಕೆಯಂತೆ ಇದನ್ನು ಬಳಸಕೂಡದೆಂದು ಹೇಳಿತು. ಬ್ರಿಟನ್ನಿನ ಫಲೀಕರಣ ಪ್ರಾಧಿಕಾರ ಇಂಥ ಹೆಚ್ಚುವರಿ ಸೇವೆಗಳಿಗೆ ಸಂಚಾರ ದೀಪದ ಮಾದರಿಯಲ್ಲಿ ಬಣ್ಣದ ಗುರುತು ನೀಡಿ ಸಾರ್ವಜನಿಕರ ಮುಂದಿಡುವ ಪದ್ಧತಿಯನ್ನು ಆರಂಭಿಸಿದಾಗ, ಅಸಿಸ್ಟೆಡ್ ಹ್ಯಾಚಿಂಗ್‌ಗೆ ದೊರೆತದ್ದು ಕೆಂಪು ಬಣ್ಣ.

ವೈದ್ಯರ ಪಕ್ಷದಲ್ಲಿಯೂ ವಾದಗಳಿವೆ, ಅವನ್ನು ಹಗುರವಾಗಿ ತಳ್ಳಿಹಾಕಬಾರದು. ವಯಸ್ಸು ಮೀರಿದ ಮಹಿಳೆಯರಲ್ಲಿ, ಹಲವು ಬಾರಿ ಚಿಕಿತ್ಸೆ ವಿಫಲವಾದವರಲ್ಲಿ, ಶೈತ್ಯೀಕರಿಸಿ ಇಟ್ಟ ಭ್ರೂಣಗಳಲ್ಲಿ, ಕವಚ ಅಸಾಧಾರಣವಾಗಿ ದಪ್ಪವಿರುವಲ್ಲಿ ಇದು ಉಪಯೋಗಕ್ಕೆ ಬರಬಹುದೆಂಬ ಅಭಿಪ್ರಾಯವಿದೆ. ಹಾಗಿದ್ದರೆ ಆಯ್ದ ರೋಗಿಗಳಲ್ಲಿ, ಜೀವಂತ ಜನನವನ್ನೇ ಅಳತೆಗೋಲಾಗಿ ಇಟ್ಟುಕೊಂಡ ಪ್ರಯೋಗಗಳಿಂದ ಅದನ್ನು ಸಾಬೀತುಪಡಿಸುವುದೇ ಸರಿಯಾದ ಮಾರ್ಗ. ತಳಿ ಪರೀಕ್ಷೆಗಾಗಿ ಭ್ರೂಣದಿಂದ ಕೆಲವು ಕೋಶಗಳನ್ನು ತೆಗೆಯಬೇಕಾದಾಗ ಕವಚದಲ್ಲಿ ರಂಧ್ರ ಮಾಡುವುದು ತಾಂತ್ರಿಕ ಅಗತ್ಯ. ಅದು ಬೇರೆಯೇ ಮಾತು. ಆದರೆ ಬಹುಮುಖ್ಯವಾದ ವಾಸ್ತವವೊಂದನ್ನು ಮರೆಯಲಾಗದು. ಭ್ರೂಣಗಳು ನೆಲೆಯೂರದಿರುವುದಕ್ಕೆ, ಅದರಲ್ಲಿಯೂ ತಾಯಿಯ ವಯಸ್ಸು ಹೆಚ್ಚಿದಂತೆ, ದೊಡ್ಡ ಕಾರಣ ವರ್ಣತಂತುಗಳ ಸಂಖ್ಯೆಯಲ್ಲಿನ ದೋಷ. ಒಳಗಿನ ಲೆಕ್ಕವೇ ತಪ್ಪಿರುವಾಗ ಹೊರಗಿನ ಗೋಡೆಗೆ ಕಿಂಡಿ ಕೊರೆದು ಪ್ರಯೋಜನವೇನು?

ಇಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ಕೋಶದಿಂದ ಹೊರಬರಲು ಒದ್ದಾಡುತ್ತಿದ್ದ ಚಿಟ್ಟೆಗೆ ಕರುಣೆಯಿಂದ ನೆರವಾಗಿ ಅದರ ರೆಕ್ಕೆಯನ್ನೇ ಕೆಡಿಸಿದವನ ನೀತಿಕಥೆ ಭಾಷಣಗಳಲ್ಲಿ ಆಗಾಗ್ಗೆ ಕೇಳಿಬರುತ್ತದೆ. ಆ ಕಥೆಯನ್ನು ಇಲ್ಲಿಗೆ ತಂದು, ಪ್ರಕೃತಿಯ ಕೆಲಸಕ್ಕೆ ಕೈಹಾಕಬಾರದೆಂದು ತೀರ್ಪು ಕೊಡುವುದು ಸುಲಭ. ಅದು ಅನ್ಯಾಯವೂ ಹೌದು. ಪ್ರನಾಳ ಶಿಶು ಚಿಕಿತ್ಸೆಯೇ ಪ್ರಕೃತಿಯ ಕೆಲಸಕ್ಕೆ ಹಾಕಿದ ಕೈ. ಲಕ್ಷಾಂತರ ಮನೆಗಳಲ್ಲಿ ಅದರಿಂದ ತೊಟ್ಟಿಲು ತೂಗಿದೆ. ನೀತಿಕಥೆ ಪುರಾವೆಯಾಗದು, ಹಾಗೆಯೇ ಆಕರ್ಷಕವಾದ ತರ್ಕವೂ ಪುರಾವೆಯಾಗದು. ಎರಡಕ್ಕೂ ಒಂದೇ ತಕ್ಕಡಿ ಇರಬೇಕು.

ಪುರಾವೆಯನ್ನು ತೂಗದೆ ತೀರ್ಪು ಕೊಟ್ಟರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದಲ್ಲಿಯೇ ದುರಂತದ ಉದಾಹರಣೆಯಿದೆ. ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1978ರ ಜುಲೈ 25ರಂದು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖರ್ಜಿ ಅವರ ಪ್ರಯತ್ನದಿಂದ ಹೆಣ್ಣು ಶಿಶುವೊಂದು ಜನಿಸಿತು. ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ. ಅವಹೇಳನಕ್ಕೂ ಕಿರುಕುಳಕ್ಕೂ ಗುರಿಯಾದ ಅವರು 1981ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಡಾ. ಟಿ.ಸಿ. ಆನಂದ ಕುಮಾರ್ ಮುಖರ್ಜಿಯವರ ಟಿಪ್ಪಣಿಗಳನ್ನು ಪರಿಶೀಲಿಸಿ, ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ನಿಯತಕಾಲಿಕದಲ್ಲಿ 1997ರಲ್ಲಿ ಆ ಸಾಧನೆಯನ್ನು ಎತ್ತಿಹಿಡಿದರು. ಆನಂದ ಕುಮಾರ್ ಅವರೇ, ಇಂದಿರಾ ಹಿಂದೂಜಾ ಅವರೊಡನೆ 1986ರಲ್ಲಿ ಮುಂಬೈಯಲ್ಲಿ ಜನಿಸಿದ, ದೇಶದ ಮೊದಲನೆಯದೆಂದು ಅದುವರೆಗೆ ಅಧಿಕೃತವಾಗಿ ಪರಿಗಣಿತವಾಗಿದ್ದ ಪ್ರನಾಳ ಶಿಶುವಿನ ಹಿಂದಿದ್ದವರು ಎಂಬುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಅಂದು ಪುರಾವೆಯನ್ನು ನೋಡದೆ ತಿರಸ್ಕರಿಸಿದೆವು. ಇಂದು ಪುರಾವೆಯನ್ನು ಕೇಳದೆ ಸ್ವೀಕರಿಸುತ್ತಿದ್ದೇವೆ. ದೋಷ ಒಂದೇ, ದಿಕ್ಕು ಮಾತ್ರ ಬೇರೆ.

ಕೇಳದೆ ಸ್ವೀಕರಿಸುವುದಕ್ಕೆ ಸಾಮಾಜಿಕ ಕಾರಣಗಳೂ ಇವೆ. ಮಕ್ಕಳಿಲ್ಲದ ದಂಪತಿಗಳನ್ನು, ವಿಶೇಷವಾಗಿ ಹೆಣ್ಣನ್ನು, ನಮ್ಮ ಸಮಾಜ ಇಂದಿಗೂ ನಡೆಸಿಕೊಳ್ಳುವ ರೀತಿ ಎಲ್ಲರಿಗೂ ತಿಳಿದದ್ದೇ. ಸೀಮಂತಕ್ಕೆ ಕರೆಯದಿರುವುದು, ಶುಭಕಾರ್ಯದಲ್ಲಿ ಹಿಂದೆ ಸರಿಸುವುದು, ದೋಷ ಗಂಡಿನಲ್ಲಿದ್ದರೂ ಬಂಜೆಯೆಂಬ ಪದವನ್ನು ಹೆಣ್ಣಿಗೇ ಮೀಸಲಿಡುವುದು, ಇವೆಲ್ಲ ವಿದ್ಯಾವಂತರ ಮನೆಗಳಿಂದಲೂ ಪೂರ್ತಿ ಮಾಯವಾಗಿಲ್ಲ. ಹಾಗೆ ನೊಂದು ಬಂದವರು ಒಡವೆ ಅಡವಿಟ್ಟು, ನಿವೇಶನ ಮಾರಿ, ಲಕ್ಷ ರೂಪಾಯಿಗೂ ಮೀರುವ ಖರ್ಚಿಗೆ ಅಣಿಯಾಗಿ ವೈದ್ಯರೆದುರು ಕುಳಿತಿರುತ್ತಾರೆ. ‘ಇದನ್ನೂ ಮಾಡಿಸಿದರೆ ಒಳ್ಳೆಯದು’ ಎಂಬ ಒಂದು ಮಾತಿಗೆ ಅಂಥವರು ಬೇಡವೆನ್ನುವುದು ಹೇಗೆ? ಬೇಡವೆಂದು, ಆಮೇಲೆ ಚಿಕಿತ್ಸೆ ವಿಫಲವಾದರೆ ಜನ್ಮವಿಡೀ ಕಾಡುವ ಪಶ್ಚಾತ್ತಾಪದ ಭಯವೇ ಅವರ ಕೈಯನ್ನು ಜೇಬಿಗೆ ಒಯ್ಯುತ್ತದೆ. ಎಷ್ಟೋ ವೇಳೆ ದಂಪತಿಗಳೇ ಎಲ್ಲೋ ಓದಿಕೊಂಡು ಬಂದು ಒತ್ತಾಯಿಸುವುದೂ ಉಂಟೆಂದು ವೈದ್ಯರು ಹೇಳುತ್ತಾರೆ. ಅದೂ ನಿಜವಿರಬಹುದು. ಹತಾಶೆಯಲ್ಲಿರುವವರ ಒಪ್ಪಿಗೆ ನಿಜವಾದ ಒಪ್ಪಿಗೆಯಾಗಬೇಕಾದರೆ, ತಿಳಿದವರು ತಮಗೆ ತಿಳಿಯದಿರುವುದನ್ನೂ ಬಾಯಿಬಿಟ್ಟು ಹೇಳಬೇಕು.

ಕಾನೂನು ಏನು ಹೇಳುತ್ತದೆ? 2005ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮಾರ್ಗಸೂಚಿಗಳನ್ನು ಹೊರಡಿಸಿತ್ತಾದರೂ ಅವುಗಳಿಗೆ ಶಾಸನದ ಬಲವಿರಲಿಲ್ಲ. ಸಂಸತ್ತು ಅಂಗೀಕರಿಸಿದ 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆ 2022ರ ಜನವರಿ 25ರಿಂದ ಜಾರಿಗೆ ಬಂತು. ಚಿಕಿತ್ಸಾಲಯಗಳ ನೋಂದಣಿಯನ್ನು ಅದು ಕಡ್ಡಾಯಗೊಳಿಸಿತು. ಯಶಸ್ಸಿನ ಸಾಧ್ಯತೆ, ಅನುಕೂಲ, ಅನನುಕೂಲ, ವೆಚ್ಚ, ಅಡ್ಡಪರಿಣಾಮ ಮತ್ತು ಬಹುಗರ್ಭದ ಅಪಾಯವೂ ಸೇರಿದಂತೆ ಎಲ್ಲವನ್ನೂ ದಂಪತಿಗೆ ತಿಳಿಸಿ, ಅರಿತು ನಿರ್ಧರಿಸಲು ನೆರವಾಗಬೇಕೆಂಬ ಹೊಣೆಯನ್ನು ಚಿಕಿತ್ಸಾಲಯಗಳ ಮೇಲೆ ಹೊರಿಸಿತು. ಆಶಯ ಸ್ತುತ್ಯರ್ಹ. ಆದರೆ ಹಲವು ಪುಟಗಳ ಒಪ್ಪಿಗೆ ಪತ್ರದ ಕೊನೆಯಲ್ಲಿ ಸಹಿ ಹಾಕಿಸಿಕೊಂಡರೆ ಈ ಆಶಯ ಈಡೇರಿತೆಂದು ಹೇಳಲಾದೀತೇ?

ಕಾಯ್ದೆಯ ಆ ಮಾತಿಗೆ ಜೀವ ತುಂಬಲು ಮೂರು ಕ್ರಮಗಳು ಸಾಕು. ಮೊದಲನೆಯದು, ಮೂಲ ಚಿಕಿತ್ಸೆಯ ಮೇಲೆ ಸೇರಿಸುವ ಪ್ರತಿಯೊಂದು ಹೆಚ್ಚುವರಿ ಸೇವೆಯ ದರವನ್ನು ಬಿಡಿಯಾಗಿ ತೋರಿಸಬೇಕು. ‘ಪ್ಯಾಕೇಜ್’ ಎಂಬ ಗಂಟಿನಲ್ಲಿ ಅದು ಅಡಗಿಕೊಳ್ಳಬಾರದು. ಎರಡನೆಯದು, ಅಂಥ ಸೇವೆಯ ಪಕ್ಕದಲ್ಲಿಯೇ, ಜೀವಂತ ಜನನದ ಬಗ್ಗೆ ಅದಕ್ಕಿರುವ ಪುರಾವೆ ಎಷ್ಟು ಬಲವಾದದ್ದು ಎಂಬುದನ್ನು ಕನ್ನಡದಲ್ಲಿ, ಹತ್ತನೆಯ ತರಗತಿ ಓದಿದವರಿಗೆ ಅರ್ಥವಾಗುವಂತೆ ಬರೆದಿರಬೇಕು. ಬ್ರಿಟನ್ನಿನ ಬಣ್ಣದ ಗುರುತಿನಂಥ ಪದ್ಧತಿಯನ್ನು ನಮ್ಮ ರಾಷ್ಟ್ರೀಯ ಮಂಡಳಿಯೂ ರೂಪಿಸಬಹುದು. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಮೂರನೆಯದು, ಚಿಕಿತ್ಸಾಲಯಗಳು ಜಾಹೀರಾತಿನಲ್ಲಿ ಯಶಸ್ಸಿನ ಪ್ರಮಾಣ ಹೇಳುವಾಗ ಅದು ಮನೆಗೆ ಒಯ್ದ ಮಕ್ಕಳ ಲೆಕ್ಕವಾಗಿರಬೇಕು, ರಕ್ತಪರೀಕ್ಷೆಯಲ್ಲಿ ಕಂಡ ಗರ್ಭಗಳ ಲೆಕ್ಕವಾಗಿರಬಾರದು.

ನಿಯಮಗಳು ಬರುವವರೆಗೆ ದಂಪತಿಗಳು ಕೈಕಟ್ಟಿ ಕೂರಬೇಕಾಗಿಲ್ಲ. ವೈದ್ಯರ ಮುಂದೆ ಇಡಬಹುದಾದ ಪ್ರಶ್ನೆಗಳು ಸರಳವಾಗಿವೆ. ನನ್ನ ವಯಸ್ಸಿನ, ನನ್ನ ಸ್ಥಿತಿಯ ಮಹಿಳೆಯರಲ್ಲಿ ಇದರಿಂದ ಹೆಚ್ಚು ಮಕ್ಕಳು ಹುಟ್ಟಿರುವುದಕ್ಕೆ ಆಧಾರವೇನು? ಇದನ್ನು ಮಾಡಿಸದಿದ್ದರೆ ನಾನು ಕಳೆದುಕೊಳ್ಳುವುದೇನು? ಅಪಾಯವೇನು, ಅವಳಿಗಳ ಸಾಧ್ಯತೆ ಎಷ್ಟು? ಇದಕ್ಕೆ ಪ್ರತ್ಯೇಕ ಶುಲ್ಕವೆಷ್ಟು? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಂಡರೆ, ಅದೇ ಒಂದು ಉತ್ತರವೆಂದು ತಿಳಿಯಬಹುದು.

ಇನ್ನು ಉಳಿದದ್ದು ವಿಜ್ಞಾನದ ಮಾತು. ಹ್ಯಾಮ್‌ಸ್ಟರ್ ಭ್ರೂಣದ ಕವಚ ಹೇಗೆ ಕರಗುತ್ತದೆಂದು ವರ್ಷಗಟ್ಟಲೆ ನೋಡುತ್ತ ಕೂರುವುದು ತೆರಿಗೆದಾರರ ಹಣಕ್ಕೆ ತಕ್ಕ ಕೆಲಸವೇ ಎಂದು ಕೇಳುವವರು ಇದ್ದಾರೆ. ಅವರಿಗೆ ಉತ್ತರ ಮೇಲಿನ ಕಥೆಯಲ್ಲಿಯೇ ಇದೆ. ಭ್ರೂಣ ಮತ್ತು ಗರ್ಭಾಶಯಗಳ ನಡುವಿನ ಆ ಸಂಭಾಷಣೆ ನಮಗೆ ಅರ್ಥವಾಗಿದ್ದಿದ್ದರೆ, ಯಾವ ಭ್ರೂಣಕ್ಕೆ ನೆರವು ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಲೇಸರ್ ಹಿಡಿಯುವ ಮುನ್ನವೇ ಹೇಳಬಹುದಾಗಿತ್ತು. ತಿಳಿವಳಿಕೆಯ ಕೊರತೆಯನ್ನು ಉಪಕರಣದಿಂದ ತುಂಬಲು ಹೊರಟದ್ದರಿಂದಲೇ ಮೂರು ದಶಕಗಳ ಬಳಿಕವೂ ನಾವು ‘27ರಿಂದ 34ರ ನಡುವೆ’ ಎಂಬಲ್ಲಿ ನಿಂತಿದ್ದೇವೆ. ಲೇಸರ್ ಯಂತ್ರ ಕೊಳ್ಳುವುದಕ್ಕೆ ಹಣವಿರುವ ದೇಶದಲ್ಲಿ, ಅದನ್ನು ಯಾವಾಗ ಬಳಸಬೇಕೆಂದು ತಿಳಿಯುವ ಸಂಶೋಧನೆಗೂ ಹಣವಿರಬೇಕು.

ಆರನೆಯ ದಿನದ ಭ್ರೂಣ ತನ್ನ ಕವಚವನ್ನು ಕಳಚುವುದು, ಅದರ ಕೆಲಸ ಮುಗಿಯಿತೆಂಬುದು ಖಚಿತವಾದ ಮೇಲೆ. ಸಂತಾನದ ಆಸೆಯಿಂದ ಬಂದವರ ಸುತ್ತ ಕಾನೂನು, ವೈದ್ಯಧರ್ಮ, ಪುರಾವೆ ಎಂಬ ಕವಚವೊಂದು ಇರಬೇಕು. ಆ ಕವಚಕ್ಕೆ ರಂಧ್ರ ಕೊರೆಯುವ ಆತುರ ಯಾರಿಗೂ ಬೇಡ.